ವಯಸ್ಕರ ಎಡಿಎಚ್‌ಡಿ: ಗೊತ್ತಿದ್ದೂ ಕೈಗೂಡದ ಕೆಲಸಗಳಿಗೆ ದಾರಿ

ಉತ್ತರ ಬರೆಯಲು ಎರಡು ನಿಮಿಷ ಸಾಕಾಗುವ ಇಮೇಲ್ ಒಂದು ವಾರಗಟ್ಟಲೆ ಬಾಕಿ ಬಿದ್ದಿರುತ್ತದೆ. ದಿನಕ್ಕೆ ಹತ್ತು ಸಲ ಅದು ನೆನಪಾಗುತ್ತದೆ, ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಕಸಿವಿಸಿ, ಆದರೂ ಕೈ ಹೋಗುವುದಿಲ್ಲ. ಅದೇ ಮನುಷ್ಯ ಇಷ್ಟದ ವಿಷಯ ಸಿಕ್ಕರೆ ಊಟ ನಿದ್ದೆ ಮರೆತು ಬೆಳಗಿನ ಜಾವದವರೆಗೂ ಕೂತಿರುತ್ತಾನೆ. ಎರಡನ್ನೂ ನೋಡಿದ ಮನೆಯವರ ತೀರ್ಮಾನ ಒಂದೇ: "ಬೇಕು ಅನ್ನಿಸಿದ್ದನ್ನು ಮಾತ್ರ ಮಾಡ್ತಾನೆ, ಉಳಿದಿದ್ದಕ್ಕೆಲ್ಲ ಸೋಮಾರಿ." ವರ್ಷಗಟ್ಟಲೆ ಇದನ್ನೇ ಕೇಳಿಸಿಕೊಂಡವನು ಕೊನೆಗೆ ತಾನೂ ಅದನ್ನೇ ನಂಬುತ್ತಾನೆ. ಇದು ಎಡಿಎಚ್‌ಡಿ ಇರಬಹುದು, ಅಂದರೆ ಗಮನ, ಚಡಪಡಿಕೆ, ದುಡುಕುಗಳ ಮೇಲೆ ಹಿಡಿತ ಸಡಿಲವಾಗಿರುವ, ಚಿಕ್ಕಂದಿನಿಂದಲೇ ಬರುವ ಮಿದುಳಿನ ತೊಂದರೆ. ವಯಸ್ಕರ ಎಡಿಎಚ್‌ಡಿಯಲ್ಲಿ ಮೂಲ ತೊಂದರೆಗಿಂತ ಹೆಚ್ಚು ಹಾನಿ ಮಾಡುವುದು ಈ ನಂಬಿಕೆಯೇ ಎನ್ನುವುದು ನನ್ನ ಅಭಿಪ್ರಾಯ.

ಎಡಿಎಚ್‌ಡಿ ಇದ್ದವರಲ್ಲಿ ಗಮನಕ್ಕೇನೂ ಬರವಿಲ್ಲ. ಅದನ್ನು ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ತಿರುಗಿಸುವ ಹಿಡಿತ ಸಡಿಲ. ಯೋಜನೆ ಹಾಕುವುದು, ತಡೆದುಕೊಳ್ಳುವುದು, ಕೆಲಸದ ಎಳೆಯನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಇವೆಲ್ಲ ಮಿದುಳಿನ ಮುಂಭಾಗದ ಜವಾಬ್ದಾರಿಗಳು. ಆ ಭಾಗದ ಕೆಲಸದಲ್ಲೂ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ವ್ಯವಹಾರದಲ್ಲೂ ಇವರಲ್ಲಿ ವ್ಯತ್ಯಾಸ ಕಾಣುತ್ತದೆ. ಹೊಸತನ, ಆಸಕ್ತಿ ಅಥವಾ ತಲೆಯ ಮೇಲೆ ಬಂದು ಕೂತ ಗಡುವು ಇದ್ದರೆ ಕೆಲಸ ಓಡುತ್ತದೆ. "ಇದು ಮುಖ್ಯ" ಎಂಬ ಅರಿವು ಒಂದೇ ಇದ್ದರೆ ಓಡುವುದಿಲ್ಲ. ಬೆಳೆಸಿದ ರೀತಿಗೆ ದೂರು ಹೇಳಿ ಪ್ರಯೋಜನವಿಲ್ಲ: ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಇದರ ಅನುವಂಶೀಯತೆ ಶೇ. 70ರಿಂದ 80ರಷ್ಟು. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ.

ಏನು ಮಾಡಬೇಕು ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಎಡವುವುದು ಮಾಡಬೇಕಾದ ಜಾಗದಲ್ಲಿ, ಮಾಡಬೇಕಾದ ಗಳಿಗೆಯಲ್ಲಿ. ಬುದ್ಧಿಮಾತು, ಶಪಥ, ಮತ್ತಷ್ಟು ಮಾಹಿತಿ ಯಾವುದೂ ಹೆಚ್ಚು ಉಪಯೋಗಕ್ಕೆ ಬರದಿರುವುದು ಇದಕ್ಕೇ. ನೆರವು ಆ ಜಾಗಕ್ಕೇ, ಆ ಗಳಿಗೆಗೇ ಬಂದು ನಿಲ್ಲಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹೆಜ್ಜೆ 1: ಇದು ಅದೇನಾ ಎಂದು ನೋಡಿಕೊಳ್ಳಿ

ಎಡಿಎಚ್‌ಡಿ ಎಂದರೆ ತರಗತಿಯಲ್ಲಿ ಕೂತಲ್ಲಿ ಕೂರದ ಹುಡುಗ ಎಂಬ ಚಿತ್ರ ಇನ್ನೂ ಹೋಗಿಲ್ಲ. ದೊಡ್ಡವರಲ್ಲಿ ಆ ಓಡಾಟ ಒಳಗಿಳಿದಿರುತ್ತದೆ. ಮೀಟಿಂಗಿನಲ್ಲಿ ನೆಟ್ಟಗೆ ಕೂತಿದ್ದರೂ ಕಾಲು ಕುಣಿಯುತ್ತಿರುತ್ತದೆ, ಎದುರಿನವರ ವಾಕ್ಯ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬರುತ್ತದೆ, ಓದುತ್ತಿರುವ ಪುಟದ ಕೊನೆಗೆ ಬಂದಾಗ ಮೊದಲ ಸಾಲು ಏನಿತ್ತೆಂಬುದೇ ನೆನಪಿರುವುದಿಲ್ಲ. ಕೆಲವರಲ್ಲಿ ಚಡಪಡಿಕೆಯೇ ಇರುವುದಿಲ್ಲ, ಗಮನದ ತೊಂದರೆ ಮಾತ್ರ. ಸದ್ದಿಲ್ಲದೆ ಕನಸು ಕಾಣುತ್ತಾ ಕೂತ ಮಗುವನ್ನು ಯಾರೂ ವೈದ್ಯರ ಬಳಿ ಕರೆದೊಯ್ಯುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಮೂವತ್ತು, ನಲವತ್ತು ದಾಟಿದ ಮೇಲೆ ವಿಷಯ ತಿಳಿಯುವುದು ಹೀಗೆ. ಹಲವು ತಾಯಂದಿರಿಗೆ ಅದು ಗೊತ್ತಾಗುವುದು ತಮ್ಮ ಮಗುವಿನ ತಪಾಸಣೆ ನಡೆದಾಗ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ತೊಂದರೆಗಳನ್ನು ಗುರುತಿಸುವ ಡಿಎಸ್ಎಂ-5 ಕೈಪಿಡಿ ದೊಡ್ಡವರಿಗೆಂದೇ ಅಳತೆಯನ್ನು ಸ್ವಲ್ಪ ಸಡಿಲಿಸಿತು. ಗಮನದ ಕೊರತೆಯ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ದುಡುಕಿನ ಒಂಬತ್ತು ಲಕ್ಷಣ, ಹೀಗೆ ಎರಡು ಪಟ್ಟಿಗಳಿವೆ. ಮಕ್ಕಳಲ್ಲಿ ಯಾವುದಾದರೊಂದು ಪಟ್ಟಿಯಿಂದ ಆರು ಬೇಕು. 17 ವರ್ಷ ತುಂಬಿದವರಿಗೆ ಐದು ಸಾಕು. ಅವು ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ, ಕೆಲಸ, ಸ್ನೇಹದ ಬಳಗ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು, ಬದುಕಿಗೆ ನಿಜವಾಗಿಯೂ ಅಡ್ಡಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವಾದರೂ ಲಕ್ಷಣ 12 ವರ್ಷ ತುಂಬುವ ಮೊದಲೇ ಇದ್ದಿರಬೇಕು. ಹೋದ ವರ್ಷದವರೆಗೆ ಸರಿಯಿದ್ದು ಈಗ ಗಮನ ಹಾರುತ್ತಿದೆ ಎಂದಾದರೆ ಕಾರಣವನ್ನು ಮೊದಲು ಬೇರೆ ಕಡೆ ಹುಡುಕಬೇಕು: ನಿದ್ದೆ ಸಾಲದಿರುವುದು, ಗೊರಕೆಯೊಂದಿಗೆ ಉಸಿರು ನಿಲ್ಲುವ ತೊಂದರೆ, ಥೈರಾಯ್ಡ್, ಆತಂಕ, ಖಿನ್ನತೆ.

ಮನೆಯಲ್ಲೇ ಮೊದಲ ಜರಡಿ ಹಿಡಿಯಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಪ್ರಶ್ನಾವಳಿ ಇದೆ. ಹದಿನೆಂಟು ಪ್ರಶ್ನೆ, ಅದರಲ್ಲಿ ಮೊದಲ ಆರು ಹೆಚ್ಚು ತೂಕದವು. ಅದರಲ್ಲಿ ಅಂಕ ಹೆಚ್ಚು ಬಂದರೆ ತಪಾಸಣೆಗೆ ಹೋಗಬಹುದು ಎಂದಷ್ಟೇ ಅರ್ಥ. ಅರ್ಧ ನಿಮಿಷದ ವೀಡಿಯೊಗಳನ್ನಂತೂ ಇದಕ್ಕೆ ನೆಚ್ಚಬೇಡಿ. ಕೀ ಎಲ್ಲಿಟ್ಟೆ ಎಂದು ಮರೆಯುವವರೆಲ್ಲರೂ ಅದರಲ್ಲಿ ತಮ್ಮ ಮುಖ ಕಂಡುಕೊಳ್ಳುತ್ತಾರೆ.

ಹೆಜ್ಜೆ 2: ವೈದ್ಯರ ಬಳಿ ಕೈಯಲ್ಲಿ ಕಾಗದ ಹಿಡಿದು ಹೋಗಿ

ಎಡಿಎಚ್‌ಡಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮ ಕಥೆ ಕೇಳಿ, ಪ್ರಶ್ನೆ ಕೇಳಿ ನಿರ್ಧರಿಸುತ್ತಾರೆ. ಹಾಗಾಗಿ ನೀವು ಏನು ಹೇಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಆದರೆ ಎಡಿಎಚ್‌ಡಿ ಇದ್ದವರು ಆ ಕುರ್ಚಿಯಲ್ಲಿ ಕೂತೊಡನೆ ಹೇಳಬೇಕಾದ್ದನ್ನೇ ಮರೆಯುತ್ತಾರೆ.

ಆದ್ದರಿಂದ ಹೋಗುವ ಮೊದಲೇ ಬರೆದುಕೊಳ್ಳಿ. "ನನಗೆ ಮರೆವು ಜಾಸ್ತಿ" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. "ಕರೆಂಟ್ ಬಿಲ್‌ಗೆ ದುಡ್ಡು ಇತ್ತು, ಆದರೂ ಮೂರು ತಿಂಗಳು ಕಟ್ಟದೆ ದಂಡ ತೆತ್ತೆ" ಎಂದರೆ ತಿಳಿಯುತ್ತದೆ. ಇಂಥ ಐದಾರು ಘಟನೆ ಸಾಕು: ಕೆಲಸದ್ದು, ಮನೆಯದ್ದು, ಹಣದ್ದು, ಗಾಡಿ ಓಡಿಸುವಾಗಿನದ್ದು. ಶಾಲೆಯ ಪ್ರಗತಿ ಪತ್ರಗಳು ಉಳಿದಿದ್ದರೆ ತೆಗೆದುಕೊಂಡು ಹೋಗಿ. ಅಂಕಗಳಿಗಿಂತ "ಬುದ್ಧಿವಂತ, ಆದರೆ ಗಮನ ಕೊಡುವುದಿಲ್ಲ" ಎಂಬಂಥ ಮೇಷ್ಟ್ರ ಒಕ್ಕಣೆಗೆ ಇಲ್ಲಿ ಬೆಲೆ ಹೆಚ್ಚು. ಅಮ್ಮನನ್ನೋ ಅಣ್ಣನನ್ನೋ, ಚಿಕ್ಕಂದಿನಲ್ಲಿ ನಿಮ್ಮನ್ನು ಕಂಡ ಯಾರನ್ನಾದರೂ ಮಾತನಾಡಿಸಲು ವೈದ್ಯರು ಕೇಳಬಹುದು. ಆತಂಕ, ಖಿನ್ನತೆ, ಕುಡಿತ ಇದ್ದರೆ ಮುಚ್ಚಿಡಬೇಡಿ. ಇವು ಎಡಿಎಚ್‌ಡಿಯ ಜೊತೆಜೊತೆಗೇ ಬರುವುದು ಸಾಮಾನ್ಯ, ಯಾವುದಕ್ಕೆ ಮೊದಲು ಚಿಕಿತ್ಸೆ ಎಂಬುದು ಅದರ ಮೇಲೆ ಹೋಗುತ್ತದೆ. ಬದುಕು ಸಾಕೆನ್ನುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಇವತ್ತೇ ಯಾರಿಗಾದರೂ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಹೆಜ್ಜೆ 3: ಔಷಧಿಯ ಬಗ್ಗೆ ತಿಳಿದು ನಿರ್ಧರಿಸಿ

ಉತ್ತೇಜಕ ಔಷಧಿ ಚಡಪಡಿಸುವವರನ್ನು ಸಮಾಧಾನಕ್ಕೆ ತರಬಲ್ಲದು ಎಂದು ವೈದ್ಯ ಚಾರ್ಲ್ಸ್ ಬ್ರಾಡ್ಲಿ ಗಮನಿಸಿದ್ದು 1937ರಲ್ಲಿ, ಮಕ್ಕಳ ಚಿಕಿತ್ಸೆಯ ನಡುವೆ. ಇವತ್ತು ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ. ಅಂದರೆ ಇವು ನಿನ್ನೆ ಮೊನ್ನೆಯ ಪ್ರಯೋಗಗಳಲ್ಲ. ಮಿದುಳಿನಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಸಿಗುವಂತೆ ಮಾಡುವುದು ಇವುಗಳ ಕೆಲಸ. ಪರಿಣಾಮ ಅದೇ ದಿನ ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಕೂಡ ಇದೆ. ಅದರ ಫಲ ಪೂರ್ತಿ ಕಾಣಲು ವಾರಗಳು ಬೇಕು, ಎರಡನೇ ದಿನಕ್ಕೇ "ಏನೂ ಆಗಲಿಲ್ಲ" ಎಂದು ನಿಲ್ಲಿಸಬಾರದು.

ಹಸಿವು ಕಡಿಮೆಯಾಗುವುದು, ನಿದ್ದೆ ಬರದಿರುವುದು, ಎದೆಬಡಿತ ಮತ್ತು ರಕ್ತದೊತ್ತಡ ಸ್ವಲ್ಪ ಏರುವುದು ಸಾಮಾನ್ಯ ಅಡ್ಡಪರಿಣಾಮಗಳು. ಹೃದಯದ ತೊಂದರೆ ನಿಮಗೋ ಮನೆಯವರಿಗೋ ಇದ್ದರೆ ಮೊದಲೇ ಹೇಳಬೇಕು. ಪ್ರಮಾಣವನ್ನು ವೈದ್ಯರು ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಆ ವಾರಗಳಲ್ಲಿ ದಿನಕ್ಕೊಂದು ಸಾಲು ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ನಿದ್ದೆ ಹೇಗೆ, ಯಾವ ಕೆಲಸ ಸಲೀಸಾಯಿತು. ಇನ್ನೊಬ್ಬರ ಮಾತ್ರೆಯನ್ನು ರುಚಿ ನೋಡಲು ಹೋಗಬೇಡಿ. ದುರ್ಬಳಕೆಯ ಅಪಾಯವಿರುವ ಔಷಧಿಗಳಾದ್ದರಿಂದಲೇ ಹಲವು ದೇಶಗಳಲ್ಲಿ ಇವುಗಳ ಮೇಲೆ ಕಾನೂನಿನ ಬಿಗಿ ಇದೆ.

ಔಷಧಿ ಹಿಡಿತ ಕೊಡುತ್ತದೆ, ಯಾವುದನ್ನು ಹಿಡಿಯಬೇಕೆಂದು ಹೇಳುವುದಿಲ್ಲ. ಮಾತ್ರೆ ನುಂಗಿ ಫೋನ್ ಕೈಗೆತ್ತಿಕೊಂಡರೆ ಬಹಳ ಏಕಾಗ್ರತೆಯಿಂದ ಮೂರು ಗಂಟೆ ಫೋನ್ ನೋಡಬಹುದು. ಹಾಗಾಗಿ ಮಾತ್ರೆ ಕೆಲಸ ಶುರುಮಾಡುವ ಮೊದಲೇ ದಿನದ ಮೊದಲ ಕೆಲಸ ಮೇಜಿನ ಮೇಲೆ ತೆರೆದಿರಲಿ. ಇಂಥ ಅಭ್ಯಾಸಗಳನ್ನು ಕಟ್ಟಿಕೊಳ್ಳಲು ಸಿಬಿಟಿ ಎಂಬ ಮಾತಿನ ಚಿಕಿತ್ಸೆ ನೆರವಾಗುತ್ತದೆ. ಔಷಧಿ ಬೇಡವೆನ್ನುವವರಿಗೂ ಇದು ಉಪಯೋಗದ್ದು.

ಹೆಜ್ಜೆ 4: ತಲೆಯೊಳಗಿನದ್ದನ್ನು ಕಣ್ಣೆದುರಿಗೆ ತನ್ನಿ

ಎಡಿಎಚ್‌ಡಿಯಲ್ಲಿ ಕಣ್ಣಿಗೆ ಕಾಣದ ವಸ್ತು ಇಲ್ಲದ ವಸ್ತುವಿಗೆ ಸಮ. ಡ್ರಾಯರ್‌ನೊಳಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟ ಫೈಲನ್ನು ಮತ್ತೆ ತೆರೆಯುವುದು ಮನೆ ಬದಲಿಸುವಾಗಲೇ. ನೋಡಲು ಚೆಂದವೋ ಅಲ್ಲವೋ, ಬೇಕಾದ್ದು ಎದುರಿಗಿರಲಿ: ಬಾಗಿಲಿಲ್ಲದ ಕಪಾಟು, ಪಾರದರ್ಶಕ ಡಬ್ಬ, ಗೋಡೆಯ ಮೇಲೆ ಬಿಳಿ ಬೋರ್ಡು.

ನೆನಪು ಬೇಕಾಗುವುದು ಎಲ್ಲೋ, ಅದೂ ಅಲ್ಲೇ ಇರಬೇಕು. ನಾಳೆ ಆಫೀಸಿಗೆ ಒಯ್ಯಬೇಕಾದ ಕಾಗದವನ್ನು ಫೋನಿನಲ್ಲಿ ಬರೆದಿಟ್ಟರೆ ಅದು ನೆನಪಾಗುವುದು ಆಫೀಸು ತಲುಪಿದ ಮೇಲೆ. ಅದನ್ನು ಚಪ್ಪಲಿಯೊಳಗೆ ಇಟ್ಟುಬಿಡಿ. ಕಾಗದ ತೆಗೆಯದೆ ಕಾಲು ಹಾಕಲಾಗುವುದಿಲ್ಲ. ಕೀ, ಪರ್ಸು, ಗುರುತಿನ ಚೀಟಿಗೆ ಬಾಗಿಲ ಪಕ್ಕ ಒಂದೇ ತಟ್ಟೆ. ಮನೆಯೊಳಗೆ ಇನ್ನೆಲ್ಲೂ ಅವಕ್ಕೆ ಜಾಗವಿಲ್ಲ. ಮಾತ್ರೆ ಡಬ್ಬಿಗೆ ವಾರದ ಏಳು ಮನೆಗಳಿರಲಿ, ನುಂಗಿದೆನೋ ಇಲ್ಲವೋ ಎಂಬ ಗೊಂದಲವೇ ಇರುವುದಿಲ್ಲ.

ಕ್ಯಾಲೆಂಡರ್ ಒಂದು, ಪಟ್ಟಿ ಒಂದು. ಮೂರು ಆ್ಯಪ್, ಎರಡು ಡೈರಿ, ಅಂಗೈ ಮೇಲೆ ಬರೆದ ನಂಬರು ಎಂದು ಹಂಚಿಹೋದರೆ ಎಲ್ಲಿ ಬರೆದೆ ಎಂದು ಹುಡುಕುವುದೇ ಇನ್ನೊಂದು ಕೆಲಸ. ಯಾವ ಆ್ಯಪ್ ಒಳ್ಳೆಯದು ಎಂದು ಸಂಶೋಧನೆಗೆ ಇಳಿಯಬೇಡಿ. ಅದು ಕೆಲಸದಿಂದ ತಪ್ಪಿಸಿಕೊಳ್ಳುವ ಬಲು ರುಚಿಕಟ್ಟಾದ ದಾರಿ. ಈಗ ಕೈಯಲ್ಲಿ ಯಾವುದಿದೆಯೋ ಅದು ಸಾಕು.

ಹೆಜ್ಜೆ 5: ಕೈ ಹಚ್ಚುವ ಗಳಿಗೆಯನ್ನು ಸುಲಭ ಮಾಡಿ

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಪಟ್ಟಿಯಲ್ಲಿ "ವಿಮೆ ನವೀಕರಣ" ಎಂದು ಬರೆದಿರುತ್ತೀರಿ. ನೋಡಿದಾಗಲೆಲ್ಲ ಮೈ ಭಾರವಾಗುತ್ತದೆ. ಯಾಕೆಂದರೆ ಅದು ಒಂದು ಕೆಲಸವಲ್ಲ. ಹಳೆಯ ಪಾಲಿಸಿ ಹುಡುಕಬೇಕು, ಅದರ ನಂಬರು ಬೇಕು, ವೆಬ್‌ಸೈಟಿನ ಪಾಸ್‌ವರ್ಡ್ ಮರೆತಿದೆ, ಅದನ್ನು ಬದಲಿಸಲು ಹಳೆಯ ಇಮೇಲ್ ತೆರೆಯಬೇಕು, ಆಮೇಲೆ ಫಾರಂ, ಆಮೇಲೆ ಹಣ. ಆರು ಕೆಲಸಗಳು ಒಂದೇ ಹೆಸರು ಹೊತ್ತು ಕೂತಿವೆ, ಮೊದಲು ಯಾವುದೆಂದು ಹೇಳುವವರಿಲ್ಲ.

ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆಯಿರಿ: "ನೀಲಿ ಫೈಲನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಡು." ಅಷ್ಟೇ. ಕೈಯೋ ಕಾಲೋ ಮಾಡಬಹುದಾದ, ಯೋಚನೆಯೇ ಬೇಕಿಲ್ಲದ ಒಂದು ಚಲನೆ. ಅದಾದ ಮೇಲೆ ಮುಂದಿನ ಸಾಲು: "ಪಾಲಿಸಿ ನಂಬರನ್ನು ಚೀಟಿಯಲ್ಲಿ ಬರೆ." ಹೆಚ್ಚಿನ ಸಲ ಎರಡನೆಯದನ್ನು ಬರೆಯುವ ಮೊದಲೇ ಕೈ ತಾನಾಗಿ ಮುಂದುವರಿದಿರುತ್ತದೆ. ಮುಂದುವರಿಯದಿದ್ದರೂ ಫೈಲು ಮೇಜಿನ ಮೇಲೆ ಬಂತಲ್ಲ, ನಾಳೆ ಕಣ್ಣಿಗೆ ಬೀಳುತ್ತದೆ.

ಈ ಮೊದಲ ಚಲನೆಯನ್ನು ಒಂದು ಗಳಿಗೆಗೆ ಕಟ್ಟಿಹಾಕಿ. "ಈ ವಾರ ಮಾಡ್ತೀನಿ" ಎಂಬ ಸಂಕಲ್ಪಕ್ಕಿಂತ "ಬೆಳಿಗ್ಗೆ ಹಲ್ಲುಜ್ಜಿ ಬಂದೊಡನೆ ಫೈಲು ತೆಗೆಯುತ್ತೇನೆ" ಎಂಬ ರೀತಿಯ ಸಂಕಲ್ಪ ಹೆಚ್ಚು ನೆರವೇರುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1990ರ ದಶಕದಿಂದಲೇ ತೋರಿಸುತ್ತ ಬಂದಿದ್ದಾರೆ. ಎಡಿಎಚ್‌ಡಿಗೆ ಇದು ಹೇಳಿ ಮಾಡಿಸಿದಂತಿದೆ. ಯಾವಾಗ ಶುರುಮಾಡುವುದು ಎಂದು ಆಗ ಯೋಚಿಸುವ ಕಷ್ಟವೇ ತಪ್ಪುತ್ತದೆ.

ಇನ್ನೊಂದು ಉಪಾಯ, ಪಕ್ಕದಲ್ಲಿ ಯಾರಾದರೂ ಇರುವುದು. ಅವರು ಸಹಾಯ ಮಾಡಬೇಕಿಲ್ಲ, ಮಾತಾಡಬೇಕಿಲ್ಲ, ತಮ್ಮ ಕೆಲಸ ತಾವು ಮಾಡುತ್ತಾ ಕೂತರೆ ಸಾಕು. ವೀಡಿಯೊ ಕರೆ ಹಚ್ಚಿಟ್ಟುಕೊಂಡು ಇಬ್ಬರೂ ತಂತಮ್ಮ ಬಾಕಿ ಕೆಲಸ ಮಾಡಿದರೂ ನಡೆಯುತ್ತದೆ. ವಿಚಿತ್ರ ಅನ್ನಿಸಬಹುದು, ಮಾಡಿ ನೋಡಿ. ಫ್ರಾನ್ಸೆಸ್ಕೊ ಸಿರಿಲೊ ಹೇಳಿಕೊಟ್ಟ ಪೊಮೊಡೊರೊ, ಅಂದರೆ ಟೈಮರ್ ಇಟ್ಟು 25 ನಿಮಿಷ ಕೆಲಸ, ಆಮೇಲೆ ಚಿಕ್ಕ ವಿರಾಮ ಎಂಬ ಕ್ರಮ ಕೂಡ ಕೆಲವರಿಗೆ ಒಗ್ಗುತ್ತದೆ. ಬೇಸರದ ಕೆಲಸಕ್ಕೆ 25 ನಿಮಿಷವೇ ಹೆಚ್ಚೆನಿಸಿದರೆ ಹತ್ತು ಮಾಡಿ. ಕೆಲಸ ಮೈಮೇಲೆ ಬಂದಂತೆ ಓಡುತ್ತಿರುವಾಗ ಗಂಟೆ ಬಡಿದರೆ, ನನ್ನ ಪ್ರಕಾರ, ನಿಲ್ಲಿಸಬೇಕಾಗಿಲ್ಲ.

ಹೆಜ್ಜೆ 6: ಸಮಯವನ್ನು ಹಿಂದಿನಿಂದ ಎಣಿಸಿ

ಇವರ ದಿನದಲ್ಲಿ ಎರಡೇ ಕಾಲ: ಈಗ, ಮತ್ತು ಈಗಲ್ಲ. ಹತ್ತು ಗಂಟೆಯ ಅಪಾಯಿಂಟ್‌ಮೆಂಟ್ ಒಂಬತ್ತೂವರೆಯವರೆಗೆ "ಈಗಲ್ಲ" ಆಗಿರುತ್ತದೆ, ಆಮೇಲೆ ಒಮ್ಮೆಲೇ ದಿಗಿಲು. ಹತ್ತಕ್ಕೆ ಅಲಾರಂ ಇಡುವುದರಿಂದ ಏನೂ ಆಗದು. ಹಿಂದಿನಿಂದ ಎಣಿಸಿ: ಹತ್ತಕ್ಕೆ ಅಲ್ಲಿರಬೇಕು, ದಾರಿ ನಲವತ್ತು ನಿಮಿಷ, ಬಾಗಿಲು ಹಾಕಿ ಗಾಡಿ ಹತ್ತಲು ಹತ್ತು, ಬಟ್ಟೆ ಹಾಕಲು ಹದಿನೈದು. ಮೊದಲ ಅಲಾರಂ 8.55ಕ್ಕೆ, ಅದರ ಹೆಸರು "ಫೋನ್ ಕೆಳಗಿಡು, ಬಟ್ಟೆ ಹಾಕು". ಎರಡನೆಯದು 9.10ಕ್ಕೆ, "ಚಪ್ಪಲಿ". ಅಲಾರಂಗೆ ಹೆಸರಿಡದಿದ್ದರೆ ಯಾತಕ್ಕೆ ಬಡಿಯಿತೆಂದೇ ಗೊತ್ತಾಗದೆ ಆರಿಸಿಬಿಡುತ್ತೀರಿ. ನೀವು ಅಂದಾಜಿಸಿದ ಸಮಯದ ಮೇಲೆ ಅರ್ಧ ಸೇರಿಸಿಕೊಳ್ಳಿ. ಕೂರುವ ಜಾಗದ ಎದುರಿಗೆ ಮುಳ್ಳಿನ ಗಡಿಯಾರವಿದ್ದರೆ ಇನ್ನೂ ಒಳ್ಳೆಯದು, ಎಷ್ಟು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹಣದ ವಿಷಯಕ್ಕೆ ಎರಡೇ ಮಾತು. ಪ್ರತಿ ತಿಂಗಳು ಬರುವ ಬಿಲ್ಲುಗಳು ತಾವಾಗಿ ಕಟ್ಟಿಹೋಗುವಂತೆ ಬ್ಯಾಂಕಿನಲ್ಲಿ ಒಮ್ಮೆ ಏರ್ಪಾಡು ಮಾಡಿ. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿಬಿಡಿ, ಕಾರ್ಡ್ ಹುಡುಕಲು ಎದ್ದು ಹೋಗುವಷ್ಟರಲ್ಲಿ ಅರ್ಧ ಆಸೆ ಇಳಿದಿರುತ್ತದೆ.

ನಿದ್ದೆಯ ಹೊತ್ತು ತಡರಾತ್ರಿಗೆ ಸರಿಯುವುದು ಇವರಲ್ಲಿ ಸಾಮಾನ್ಯ. ಮಲಗುವ ಹೊತ್ತನ್ನು ಹಿಡಿದು ಗುದ್ದಾಡುವುದಕ್ಕಿಂತ ಏಳುವ ಹೊತ್ತನ್ನು ಗಟ್ಟಿಯಾಗಿ ಒಂದೇ ಮಾಡಿಕೊಳ್ಳುವುದು ಸುಲಭ, ಎದ್ದೊಡನೆ ಬೆಳಕಿಗೆ ಹೋಗುವುದು ಅದಕ್ಕೆ ನೆರವು. ವ್ಯಾಯಾಮ ಬೆಳಿಗ್ಗೆ ಮಾಡಿದರೆ ಮುಂದಿನ ಕೆಲವು ಗಂಟೆಗಳಿಗೆ ಗಮನ ಸ್ವಲ್ಪ ಹತೋಟಿಗೆ ಬರುತ್ತದೆ.

ಹೆಜ್ಜೆ 7: ಜೊತೆಗಿರುವವರಿಗೆ ಹೇಳುವುದು

ಕೆಲಸದ ಕಡೆ ರೋಗದ ಹೆಸರು ಹೇಳಲೇಬೇಕೆಂದಿಲ್ಲ. ಬೇಕಾದ್ದನ್ನು ಕೇಳಿದರೆ ಸಾಕು: "ಸರ್, ಬಾಯಿಮಾತಲ್ಲಿ ಹೇಳಿದ್ದು ನನ್ನ ತಲೇಲಿ ನಿಲ್ಲೋದು ಕಡಿಮೆ. ಮೀಟಿಂಗ್ ಮುಗಿದ ಮೇಲೆ ನಾನೇ ನಾಲ್ಕು ಸಾಲು ಬರೆದು ಕಳಿಸ್ತೀನಿ, ಬಿಟ್ಟುಹೋಗಿದ್ರೆ ಸೇರಿಸಿ." ಇದಕ್ಕೆ ಬೇಡವೆನ್ನುವ ಮೇಲಧಿಕಾರಿ ಅಪರೂಪ. ದೂರದ ಗಡುವನ್ನು ನಡುನಡುವೆ ಚಿಕ್ಕ ಗಡುವುಗಳಾಗಿ ಒಡೆದುಕೊಡಿ ಎಂದೂ ಕೇಳಬಹುದು.

ಮನೆಯಲ್ಲಿ ಮಾತ್ರ ಬಿಡಿಸಿ ಹೇಳಬೇಕು. ಎಡಿಎಚ್‌ಡಿ ಇರುವವರ ಸಂಗಾತಿಗೆ ಮೆಲ್ಲಗೆ ಅಮ್ಮನ ಅಥವಾ ಸೂಪರ್‌ವೈಸರ್‌ನ ಕೆಲಸ ಅಂಟಿಕೊಳ್ಳುತ್ತದೆ. ನೆನಪಿಸುವುದು, ಮತ್ತೆ ನೆನಪಿಸುವುದು, ಕೊನೆಗೆ ಸಿಟ್ಟಾಗಿ ತಾನೇ ಮಾಡುವುದು. ಅವರ ದಣಿವು ನಿಜವಾದ ದಣಿವು, ರೋಗದ ಹೆಸರು ಸಿಕ್ಕಿತೆಂದು ಅದು ಇಳಿಯುವುದಿಲ್ಲ. "ನನಗೆ ಎಡಿಎಚ್‌ಡಿ, ಏನು ಮಾಡಲಿ" ಎಂದರೆ ಜಗಳ ಮುಂದುವರಿಯುತ್ತದೆ. "ಕಸದ ಕೆಲಸ ಪೂರ್ತಿ ನನ್ನದು. ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟಿದ್ದೀನಿ. ನೀನು ನೆನಪಿಸೋದು ಬೇಡ" ಎಂದರೆ ಅವರ ತಲೆಯಿಂದ ಒಂದು ಭಾರ ಇಳಿಯುತ್ತದೆ. ಮನೆಕೆಲಸ ಹಂಚಿಕೊಳ್ಳುವಾಗ ನೆನಪಿಟ್ಟುಕೊಳ್ಳುವುದೂ ಆ ಕೆಲಸದ ಭಾಗ ಎಂದೇ ಲೆಕ್ಕ ಹಾಕಿ.

ಸಿಟ್ಟು ಥಟ್ಟನೆ ಏರುವುದು, ಚಿಕ್ಕ ಟೀಕೆಗೂ ದಿನವಿಡೀ ಕುಗ್ಗುವುದು ಹಲವರಲ್ಲಿ ಕಾಣುತ್ತದೆ. "ಹತ್ತು ನಿಮಿಷ ಬಿಟ್ಟು ಮಾತಾಡ್ತೀನಿ" ಎಂದು ಎದ್ದು ಹೋಗಿ, ಹತ್ತು ನಿಮಿಷ ಬಿಟ್ಟು ನಿಜವಾಗಿಯೂ ವಾಪಸು ಬನ್ನಿ. ಇಲ್ಲದಿದ್ದರೆ ಮುಂದಿನ ಸಲ ಆ ಮಾತನ್ನು ಯಾರೂ ನಂಬುವುದಿಲ್ಲ.

ಹೆಜ್ಜೆ 8: ಏರ್ಪಾಡು ಮುರಿದಾಗ

ಮುರಿಯುತ್ತದೆ. ಹೊಸ ಡೈರಿ ಕೆಲವು ವಾರ ಚೆನ್ನಾಗಿ ನಡೆದು, ಹೊಸತನ ಹೋದೊಡನೆ ಧೂಳು ಹಿಡಿಯುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಿ. ಬಿಟ್ಟುಹೋದ ದಿನಗಳನ್ನು ತುಂಬಿಸಲು, ಹಳೆಯ ಪಟ್ಟಿಯನ್ನು ಪೂರ್ತಿ ನಕಲು ಮಾಡಲು ಹೋಗಬೇಡಿ, ಅದರಲ್ಲೇ ಸುಸ್ತಾಗಿ ಮತ್ತೆ ಬಿಡುತ್ತೀರಿ. ಹೊಸ ಪುಟದಲ್ಲಿ ಇವತ್ತಿನ ಮೂರು ಕೆಲಸ ಮಾತ್ರ ಬರೆಯಿರಿ. ಚೀಟಿಗಳು ಗೋಡೆಯ ಬಣ್ಣದಂತೆ ಕಣ್ಣಿಗೆ ಕಾಣದಾಗಿದ್ದರೆ ಬಣ್ಣ ಬದಲಿಸಿ, ಜಾಗ ಬದಲಿಸಿ, ಅಲಾರಂನ ಸದ್ದು ಬದಲಿಸಿ. ಯಾವುದನ್ನೂ ಮತ್ತೆ ಶುರುಮಾಡಲು ಆಗದೆ ವಾರಗಳು ಕಳೆದರೆ, ನಿದ್ದೆಯೂ ಹಸಿವೂ ಕೆಟ್ಟಿದ್ದರೆ, ಅದು ಡೈರಿಯ ಸಮಸ್ಯೆ ಇರಲಾರದು. ಖಿನ್ನತೆ ಏನಾದರೂ ಸೇರಿಕೊಂಡಿದೆಯೇ ಎಂದು ವೈದ್ಯರಿಗೆ ತೋರಿಸಿ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡುವುದೇ ಆಗುತ್ತಿಲ್ಲವೆಂದರೆ ಪಕ್ಕದಲ್ಲಿದ್ದವರ ಕೈಗೆ ಫೋನ್ ಕೊಟ್ಟು, "ನೀನೇ ಮಾತಾಡಿ ಟೈಮ್ ತಗೊಂಡುಬಿಡು" ಎನ್ನಿ.